ಒಂದೇ ರಸ್ತೆ, ಮೂರು ಜೂಜು ಕಾನೂನು

ನೀವು ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನಿಂತಿದ್ದೀರೆನ್ನಿ. ಹೈದರಾಬಾದಿನ ಕಡೆಗೆ ಹೊರಟ ಬಸ್ಸು ಜಹೀರಾಬಾದ್ ಮುಟ್ಟುವಷ್ಟರಲ್ಲಿ ತೆಲಂಗಾಣ ಬಂದಿರುತ್ತದೆ. ಸೊಲ್ಲಾಪುರದ ಬಸ್ಸು ಬಸವಕಲ್ಯಾಣ ತಾಲ್ಲೂಕು ದಾಟಿ ಉಮರ್ಗಾ ಸೇರಿದರೆ ಅದು ಮಹಾರಾಷ್ಟ್ರ. ಪಕ್ಕದಲ್ಲಿ ಕುಳಿತ ಗೆಳೆಯ ಕ್ರಿಕೆಟ್ ಪಂದ್ಯದ ಮೇಲೆ ಬಾಜಿ ಕಟ್ಟೋಣವೆಂದರೆ, ನಿಮಗೆ ಅನ್ವಯಿಸುವ ಕಾನೂನು ಯಾವುದು? ಉತ್ತರ ಬಸ್ಸು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ.

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪಣ ಮತ್ತು ಜೂಜು ರಾಜ್ಯಪಟ್ಟಿಗೆ ಸೇರಿದ ವಿಷಯ. ಅದರ 34ನೆಯ ನಮೂದು. ಆದರೆ 1956ರ ನವೆಂಬರ್ 1ಕ್ಕೆ ಮೊದಲು ಈ ಊರುಗಳೆಲ್ಲ ಹೈದರಾಬಾದ್ ರಾಜ್ಯದಲ್ಲಿದ್ದವು. ಜಹೀರಾಬಾದ್, ಉದಗೀರ್, ನಿಲಂಗಾ ಬೀದರ್ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಆಗ ಎಲ್ಲರಿಗೂ ಫಸಲಿ 1305ರ ಹೈದರಾಬಾದ್ ಜೂಜು ಕಾಯಿದೆ. ಇಂದು ನಮಗೆ 1963ರ ಕರ್ನಾಟಕ ಪೊಲೀಸ್ ಕಾಯಿದೆ, ತೆಲಂಗಾಣಕ್ಕೆ 1974ರ ಕಾಯಿದೆ, ಮಹಾರಾಷ್ಟ್ರಕ್ಕೆ ಟೆಲಿಫೋನೇ ಅಪರೂಪವಾಗಿದ್ದ 1887ರದ್ದು!

ಮೂರಕ್ಕೂ ಮೂಲದಲ್ಲಿ ಒಂದು ಹೋಲಿಕೆ ಉಂಟು. ಅದೃಷ್ಟದಾಟ ಜೂಜು, ಕೌಶಲದಾಟ ಜೂಜಲ್ಲ. ದಾಳ ಉರುಳಿಸಿದರೆ ಆರು ಬೀಳುವ ಸಂಭವ ಆರರಲ್ಲಿ ಒಂದು. ನೀವೆಷ್ಟು ಜಾಣರಾದರೂ ಅದು ಬದಲಾಗದು. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು. ಆದ್ದರಿಂದ ಅದು ಮುಖ್ಯವಾಗಿ ಕೌಶಲದಾಟವೆಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಸಿಕಂದರಾಬಾದಿನ ಕ್ಲಬ್ಬೊಂದರ ಆ ಮೊಕದ್ದಮೆ ಅದೇ ಹಳೆಯ ಹೈದರಾಬಾದ್ ಕಾಯಿದೆಯಡಿ ಹುಟ್ಟಿದ್ದು. ಕುದುರೆ ಪಂದ್ಯಕ್ಕೂ 1996ರಲ್ಲಿ ಇದೇ ಮಾನ್ಯತೆ ದೊರೆಯಿತು.

ತೆಲಂಗಾಣ 2017ರಲ್ಲಿ ಆನ್‌ಲೈನ್ ರಮ್ಮಿಯಂಥ ಆಟಗಳಿಗಿದ್ದ ಈ ವಿನಾಯಿತಿಯನ್ನೇ ಕಿತ್ತುಹಾಕಿತು. ಕರ್ನಾಟಕ 2021ರಲ್ಲಿ ಅಂಥದ್ದೇ ತಿದ್ದುಪಡಿ ತಂದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಹೀಗಾಗಿ ಫೋನಿನಲ್ಲಿ ಹಣಕ್ಕೆ ರಮ್ಮಿ ಆಡುವುದು ಹುಮನಾಬಾದಿನಲ್ಲಿ ಅಪರಾಧವಲ್ಲ, ಜಹೀರಾಬಾದಿನಲ್ಲಿ ಅಪರಾಧ ಎಂಬಂತಾಯಿತು. ಇದನ್ನೇ ಕೆಲವರು ತಪ್ಪಾಗಿ ತಿಳಿದರು. ಆ ತೀರ್ಪು ಕ್ರಿಕೆಟ್ ಬಾಜಿಗೆ ಬಾಗಿಲು ತೆರೆಯಲಿಲ್ಲ. ನಮ್ಮ ಪೊಲೀಸರು ಅಂಥ ಪ್ರಕರಣಗಳನ್ನು 78ನೆಯ ಕಲಮಿನಡಿ ದಾಖಲಿಸುತ್ತಲೇ ಬಂದಿದ್ದಾರೆ.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಸೆರೆ, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೂ ಶಿಕ್ಷೆಯುಂಟು. ಆಡುವವನನ್ನು ಈ ಕಾಯಿದೆ ಶಿಕ್ಷಿಸುವುದಿಲ್ಲ. ಹಾಗೆಂದು ರಾಜ್ಯದ ಕಾನೂನು ಅವನನ್ನು ಬಿಟ್ಟಿದೆ ಎಂದಲ್ಲ.

ಬಾಜಿ ಗೆದ್ದರೂ ಬುಕ್ಕಿ ಹಣ ಕೊಡದಿದ್ದರೆ? 1872ರ ಕರಾರು ಕಾಯಿದೆಯ 30ನೆಯ ಕಲಮಿನಂತೆ ಬಾಜಿಯ ಒಪ್ಪಂದವೇ ಅನೂರ್ಜಿತ, ದಾವೆ ಹೂಡುವಂತಿಲ್ಲ. ಈ ಕಲಮು ಮಾತ್ರ ಹುಮನಾಬಾದ್, ಜಹೀರಾಬಾದ್, ಉಮರ್ಗಾ ಮೂರೂ ಕಡೆ ಒಂದೇ.