ಎತ್ತಿದ ಹೂಳು ಎಲ್ಲಿಗೆ ಹೋಗಬೇಕು?

ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ಉರಿಬಿಸಿಲಿನಲ್ಲಿ, ನಮ್ಮ ನಗರಗಳ ಬೀದಿಗಳಲ್ಲಿ ಕಾಣಸಿಗುವ ಒಂದು ದೃಶ್ಯ ಸಂಘದ ಸದಸ್ಯರೆಲ್ಲರಿಗೂ ಪರಿಚಿತವೇ. ಚರಂಡಿಯ ಮುಚ್ಚಳ ತೆಗೆದು, ಒಳಗಿನ ಕಪ್ಪು ಕೆಸರನ್ನು ಮೇಲೆತ್ತಿ, ರಸ್ತೆಯಂಚಿನಲ್ಲೇ ಗುಡ್ಡೆ ಹಾಕಿರುತ್ತಾರೆ. ಸಾಗಿಸುವ ಲಾರಿ ಬರುವಷ್ಟರಲ್ಲಿ ಅದರಲ್ಲೊಂದು ಪಾಲು ಒಣಗಿ ಧೂಳಾಗಿ ನಮ್ಮ ಮೂಗನ್ನು ಸೇರಿರುತ್ತದೆ; ಲಾರಿ ಬಾರದೇ ಹೋದರೆ ಉಳಿದ ಪಾಲು ಮೊದಲ ಮಳೆಗೆ ಮರಳಿ ಚರಂಡಿಗೇ ಇಳಿಯುತ್ತದೆ. ಹೂಳೆತ್ತಿದ ಲೆಕ್ಕ ಮಾತ್ರ ಕಡತದಲ್ಲಿ ಭದ್ರವಾಗಿರುತ್ತದೆ. ಎತ್ತಿದ ಹೂಳು ಎಲ್ಲಿಗೆ ಹೋಗಬೇಕು ಎಂಬ ಈ ಪ್ರಶ್ನೆಯೇ ನದಿ ಮತ್ತು ಬಂದರುಗಳ ಮಟ್ಟದಲ್ಲಿ ಲಕ್ಷಾಂತರ ಘನಮೀಟರುಗಳ ಪ್ರಶ್ನೆಯಾಗಿ ನಿಲ್ಲುತ್ತದೆ.

ಹೂಳು ಸ್ವಭಾವತಃ ಕೆಟ್ಟದ್ದಲ್ಲ. ನಮ್ಮ ಊರುಗಳಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಹೋಗಿ ಗೋಡುಮಣ್ಣನ್ನು ಹೊಲಕ್ಕೆ ಹೇರುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಇಲ್ಲಿಯವರು ಅದನ್ನೇ ‘ಕಾಂಪ್’ ಎನ್ನುತ್ತಾರೆ. 2018ರಲ್ಲಿ ಗುಜರಾತ್ ಸರ್ಕಾರ ಆರಂಭಿಸಿದ ‘ಸುಜಲಾಂ ಸುಫಲಾಂ’ ಜಲ ಅಭಿಯಾನದಲ್ಲೂ ಕೆರೆಗಳ ಹೂಳನ್ನು ರೈತರಿಗೆ ಕೊಡುವ ಕ್ರಮವಿದೆ. ಆದರೆ ಹಳ್ಳಿಯ ಕೆರೆಯ ಹೂಳು ಬೇರೆ, ಕಾರ್ಖಾನೆಗಳ ನೀರು ಹರಿಯುವ ನದಿಯ ಹೂಳು ಬೇರೆ. ಬಣ್ಣದಲ್ಲಿ ಎರಡೂ ಒಂದೇ ಬಗೆ. ಕಣ್ಣಿನಿಂದ ನೋಡಿ ಯಾರೂ ವ್ಯತ್ಯಾಸ ಹೇಳಲಾರರು.

ಗುಜರಾತಿನ ಕರಾವಳಿಯ ಚರಿತ್ರೆಯನ್ನು ಹೂಳಿನ ಚರಿತ್ರೆ ಎಂದರೆ ಅತಿಶಯೋಕ್ತಿಯಾಗಲಾರದು. ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಲೋಥಲ್ ಇದಕ್ಕೆ ಮೊದಲ ಸಾಕ್ಷಿ. 1954ರಲ್ಲಿ ಆ ನೆಲೆಯನ್ನು ಕಂಡುಹಿಡಿದು, 1955ರಿಂದ 1960ರವರೆಗೆ ಉತ್ಖನನದ ನೇತೃತ್ವ ವಹಿಸಿದವರು ಕನ್ನಡಿಗರಾದ ಡಾ. ಶಿಕಾರಿಪುರ ರಂಗನಾಥ ರಾವ್ ಅವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಬರೋಡಾ ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ದುಡಿದ ಈ ವಿದ್ವಾಂಸರು ನಮ್ಮಂತೆಯೇ ಇಲ್ಲಿಗೆ ವಲಸೆ ಬಂದವರು ಎಂಬುದು ಹೆಮ್ಮೆಯ ಮಾತು. ಸುಮಾರು 215 ಮೀಟರ್ ಉದ್ದ, 36 ಮೀಟರ್ ಅಗಲದ ಇಟ್ಟಿಗೆಯ ಕಟ್ಟಡವೊಂದು ಅಲ್ಲಿ ದೊರೆಯಿತು. ರಾಯರು ಅದನ್ನು ಹಡಗುಕಟ್ಟೆ ಎಂದು ಗುರುತಿಸಿದರು. (ಅದು ಬರಿಯ ನೀರಿನ ಕೆರೆ ಎಂದು ವಾದಿಸಿದ ಪಂಡಿತರೂ ಇದ್ದಾರೆ.) ಭರತದ ನೀರು ಒಳಬರಲು ಒಂದು ದಾರಿ, ಹೆಚ್ಚಿನ ನೀರು ಹೊರಹೋಗಲು ದಕ್ಷಿಣದ ಗೋಡೆಯಲ್ಲಿ ಇನ್ನೊಂದು ದಾರಿ, ಹೀಗೆ ನೀರು ಹರಿದಾಡುತ್ತಿದ್ದರೆ ಹೂಳು ನೆಲೆ ನಿಲ್ಲದು ಎಂಬುದು ಆ ವ್ಯವಸ್ಥೆಗೆ ರಾಯರು ನೀಡಿದ ವಿವರಣೆ. ಕೊನೆಗೂ ಗೆದ್ದದ್ದು ಹೂಳೇ. ಪ್ರವಾಹಗಳು ಕಟ್ಟೆಯನ್ನು ತುಂಬಿದವು, ನದಿ ಪಾತ್ರ ಬದಲಿಸಿತು, ಸಮುದ್ರ ದೂರ ಸರಿಯಿತು.

ಮಧ್ಯಯುಗದ ವೈಭವದ ರೇವಾಗಿದ್ದ ಖಂಭಾತಿನ ಗತಿಯೂ ಇದೇ ಆಯಿತು. ಸೂರತ್ ಮೊಗಲರ ಕಾಲದಲ್ಲಿ ಲೋಕಪ್ರಸಿದ್ಧ ಬಂದರಾಗಿದ್ದಾಗಲೂ ತಾಪಿಯ ಅಳಿವೆಯ ಮರಳದಿಣ್ಣೆಗಳಿಂದಾಗಿ ದೊಡ್ಡ ಹಡಗುಗಳು ನಗರದವರೆಗೆ ಬರಲಾಗದೆ ಸುವಾಲಿಯ ಬಳಿಯೇ ಲಂಗರು ಹಾಕುತ್ತಿದ್ದವು.

ಇದಕ್ಕೆ ಕಾರಣ ಖಂಭಾತ್ ಕೊಲ್ಲಿಯ ಆಕಾರದಲ್ಲಿದೆ. ಸಾಬರಮತಿ, ಮಹಿ, ನರ್ಮದಾ, ತಾಪಿ ಎಂಬ ನಾಲ್ಕು ನದಿಗಳೂ ಈ ಆಲಿಕೆಯಂಥ ಕೊಲ್ಲಿಗೇ ತಮ್ಮ ಮಣ್ಣನ್ನು ತಂದು ಸುರಿಯುತ್ತವೆ. ಮಂಗಳೂರಿನ ತೀರದಲ್ಲಿ ಭರತ ಇಳಿತಗಳ ನಡುವಣ ಅಂತರ ಒಂದೂವರೆ ಮೀಟರಿನ ಆಸುಪಾಸು. ಭಾವನಗರದ ಬಳಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಅದು ಹತ್ತು ಮೀಟರನ್ನೂ ಮೀರುತ್ತದೆ. ಅಷ್ಟೊಂದು ನೀರು ದಿನಕ್ಕೆರಡು ಬಾರಿ ನುಗ್ಗಿ ಹಿಂಜರಿಯುವಾಗ ತಳದ ಮಣ್ಣು ಸದಾ ಕದಡಿದ ಸ್ಥಿತಿಯಲ್ಲಿರುತ್ತದೆ. ಎಲ್ಲಿ ಆಳವಾಗಿ ತೋಡಿದರೂ ಆ ಮಣ್ಣು ಅಲ್ಲಿ ಬಂದು ಕೂರುತ್ತದೆ. 2017ರ ಅಕ್ಟೋಬರಿನಲ್ಲಿ ಘೋಘಾ ಮತ್ತು ದಹೇಜ್ ನಡುವೆ, ಸುಮಾರು 31 ಕಿಲೋಮೀಟರ್ ಜಲಮಾರ್ಗದಲ್ಲಿ, ಹಡಗಿನ ಸಂಚಾರ ವಿಜೃಂಭಣೆಯಿಂದ ಆರಂಭವಾಯಿತಷ್ಟೆ. ದಹೇಜಿನ ಕಡೆ ಹೂಳು ತುಂಬಿ ಆಳ ಸಾಲದಾಗಿ ಕೆಲವೇ ವರ್ಷಗಳಲ್ಲಿ ಅದು ನಿಂತಿತು. 2020ರ ನವೆಂಬರಿನಲ್ಲಿ ಸೂರತ್ ಬಳಿಯ ಹಜೀರಾದಿಂದ ಘೋಘಾಕ್ಕೆ ಬೇರೆ ಮಾರ್ಗ ತೆರೆಯಬೇಕಾಯಿತು.

ಇನ್ನು ಆರೋಗ್ಯದ ವಿಚಾರ. ಹೂಳಿನಲ್ಲಿ ಮರಳಿನ ದಪ್ಪ ಕಣಗಳೂ ಜೇಡಿಯ ಅತಿ ಸೂಕ್ಷ್ಮ ಕಣಗಳೂ ಇರುತ್ತವೆ. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದ ಲೋಹಗಳು ಅಂಟಿಕೊಳ್ಳುವುದು ಬಹುಮಟ್ಟಿಗೆ ಜೇಡಿಯ ಕಣಗಳಿಗೆ. ನೀರಿನ ಅಡಿಯಲ್ಲಿ, ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ, ಈ ಲೋಹಗಳು ಗಂಧಕದೊಡನೆ ಕೂಡಿ ಒಂದು ಬಗೆಯ ನಿದ್ರೆಯಲ್ಲಿರುತ್ತವೆ. ಆ ಕೆಸರನ್ನು ಮೇಲೆತ್ತಿ ಗಾಳಿಗೆ ಹರಡಿದೊಡನೆ ಗಂಧಕ ಆಮ್ಲವಾಗಿ ಮಾರ್ಪಡುತ್ತದೆ. ಆಮ್ಲದಲ್ಲಿ ಲೋಹಗಳು ಕರಗಿ, ಮಳೆನೀರಿನೊಡನೆ ಬಾವಿಗೋ ಹೊಲಕ್ಕೋ ಇಳಿಯುತ್ತವೆ. ಆದುದರಿಂದ ತಳದಲ್ಲಿ ತೆಪ್ಪಗಿದ್ದ ವಿಷವನ್ನು ತಿಳಿಯದೆ ಕೆದಕಿ ಊರೊಳಗೆ ತಂದಂತಾಗುವ ಸಂಭವವುಂಟು. ಸಾಬರಮತಿಗೆ ಸೇರುವ ಕೊಳಚೆ ಮತ್ತು ಕಾರ್ಖಾನೆಯ ನೀರಿನ ಬಗ್ಗೆ 2021ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆ ಕೈಗೊಂಡಿತು. ವಡೋದರಾದ ಕೈಗಾರಿಕೆಗಳ ತ್ಯಾಜ್ಯಜಲವಾದರೋ 1983ರಿಂದ ಸುಮಾರು 55 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಸಾಗಿ ಮಹಿಯ ಅಳಿವೆಯನ್ನು ಸೇರುತ್ತದೆ. ಇಂಥ ನೀರು ಹರಿಯುವ ಕಡೆ ತಳದ ಕೆಸರನ್ನು ಪರೀಕ್ಷಿಸದೆ ಮುಟ್ಟಬಾರದು.

ವಿಷಪೂರಿತ ಕೆಸರು ಏನು ಮಾಡಬಲ್ಲದೆಂಬುದನ್ನು ಜಪಾನಿನ ಮಿನಮಾಟ ತೋರಿಸಿಕೊಟ್ಟಿದೆ. ಅಲ್ಲಿಯ ರಾಸಾಯನಿಕ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನುಗಳ ಮೂಲಕ ಜನರ ಮಿದುಳು ನರಗಳನ್ನು ಸೇರಿತು. ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ಕೊಲ್ಲಿಯ ಕೆಸರನ್ನು ತೆಗೆಯುವ ಕಾರ್ಯ ಆರಂಭವಾದದ್ದು 1977ರಲ್ಲಿ, ಮುಗಿದದ್ದು 1990ರಲ್ಲಿ. ಹದಿಮೂರು ವರ್ಷ ಏಕೆ ಬೇಕಾಯಿತೆಂದರೆ, ಅವರು ಕೆಸರು ಕದಡದಂತೆ ಮೆಲ್ಲನೆ ಹೀರಿ, ಮೊದಲೇ ಕಟ್ಟಿದ ಗೋಡೆಗಳೊಳಗೆ ತುಂಬಿ, ಮೇಲೆ ಶುದ್ಧ ಮಣ್ಣು ಮುಚ್ಚಿದರು. ಸುಮಾರು 15 ಲಕ್ಷ ಘನಮೀಟರ್ ಕೆಸರು ಹೀಗೆ ಸೆರೆಯಾಗಿ 58 ಹೆಕ್ಟೇರು ಹೊಸ ನೆಲವಾಯಿತು.

ಹಾಗಾದರೆ ಕ್ರಮವೇನು? ಮೊದಲು ಪರೀಕ್ಷೆ. ತೋಡಬೇಕಾದ ಜಾಗದ ಬೇರೆಬೇರೆ ಕಡೆಗಳಿಂದ, ಮೇಲ್ಪದರದಿಂದಷ್ಟೇ ಅಲ್ಲದೆ ಆಳದಿಂದಲೂ, ಮಣ್ಣಿನ ಮಾದರಿ ತೆಗೆಯಬೇಕು. ಕಣದ ಗಾತ್ರ, ಲೋಹ, ಎಣ್ಣೆಗಳನ್ನು ಅಳೆಯಬೇಕು. ಶುದ್ಧ ಮರಳು ಸಿಕ್ಕಿದರೆ ಅದು ಸಂಪತ್ತು. ನಮ್ಮ ಉಳ್ಳಾಲದಂಥ ಕಡೆ ಕಡಲಕೊರೆತದಿಂದ ಮನೆಗಳು ನೀರುಪಾಲಾಗುತ್ತಿರುವಾಗ ಮರಳನ್ನು ದೂರ ಸಮುದ್ರಕ್ಕೆ ಸುರಿಯುವುದು ಸಲ್ಲದು. ಅದನ್ನು ಕೊರೆತದ ತೀರಕ್ಕೇ ಹಿಂದಿರುಗಿಸಬೇಕು. 1974ರಲ್ಲಿ ತೆರೆದ ಪಣಂಬೂರಿನ ನವಮಂಗಳೂರು ಬಂದರು ನೆಲವನ್ನು ತೋಡಿ ನಿರ್ಮಿಸಿದ ಕೃತಕ ಬಂದರು. ಪ್ರತಿ ಮಳೆಗಾಲದ ಅಲೆಗಳು ತರುವ ಹೂಳನ್ನು ಪ್ರತಿ ವರ್ಷವೂ ತೆಗೆಯಲೇಬೇಕು. ಅಂಥ ನುಣುಪು ಕೆಸರು ತೀರಕ್ಕೆ ಉಪಯೋಗವಿಲ್ಲ, ಅಲೆಗೆ ನಿಲ್ಲುವುದಿಲ್ಲ. ಅದು ನಿರ್ದೋಷಿಯಾಗಿದ್ದರೆ ಮೀನು ಮರಿಯಿಡುವ ಕಾಲ ಮತ್ತು ಜಾಗಗಳನ್ನು ತಪ್ಪಿಸಿ, ಗೊತ್ತುಪಡಿಸಿದ ಆಳದ ಕಡಲಿನಲ್ಲಿ ಬಿಡಬಹುದು. ಸಮುದ್ರಕ್ಕೆ ಏನನ್ನು ಸುರಿಯಬಹುದೆಂಬುದರ ಕುರಿತು 1972ರ ಲಂಡನ್ ಒಪ್ಪಂದ ಮತ್ತು ಅದರ 1996ರ ಪರಿಷ್ಕರಣ ಹೂಳಿಗೆ ಅವಕಾಶ ಕೊಟ್ಟಿರುವುದು ಪರೀಕ್ಷೆಯ ಷರತ್ತಿನ ಮೇಲೆಯೇ. ವಿಷಯುಕ್ತವಾದುದನ್ನು ಪ್ರತ್ಯೇಕವಾಗಿ ಕಟ್ಟಿಹಾಕುವುದೊಂದೇ ದಾರಿ; ಹಾಲೆಂಡಿನ ರಾಟರ್‌ಡ್ಯಾಂ ಬಂದರಿನವರು 1987ರಿಂದ ಇದಕ್ಕಾಗಿಯೇ ದೊಡ್ಡದೊಂದು ಗುಂಡಿಯನ್ನು ಬಳಸುತ್ತಿದ್ದಾರೆ. ಖರ್ಚು ಹೆಚ್ಚು ಎಂಬ ಆಕ್ಷೇಪಣೆ ಸಹಜ. ಆ ಖರ್ಚನ್ನು ಉಳಿಸಿದರೆ ಅದನ್ನು ತೆರುವವರು ದಂಡೆಯ ಮೇಲಿನ ಮೀನುಗಾರರೂ ತರಕಾರಿ ಬೆಳೆಯುವವರೂ ಎಂಬುದನ್ನು ಲೆಕ್ಕದ ಪುಸ್ತಕ ತೋರಿಸುವುದಿಲ್ಲ.

ನದಿಯಲ್ಲಾದರೆ ಮತ್ತೊಂದು ತೊಡಕು. 2024ರ ಆಗಸ್ಟಿನ ನೆರೆಯಲ್ಲಿ ವಡೋದರಾದ ಬಡಾವಣೆಗಳು ಮುಳುಗಿದ ಬಳಿಕ, 2025ರ ಬೇಸಿಗೆಯಲ್ಲಿ ವಿಶ್ವಾಮಿತ್ರಿಯ ಸುಮಾರು 24 ಕಿಲೋಮೀಟರ್ ಪಾತ್ರದ ಹೂಳೆತ್ತಿ ಅಗಲಗೊಳಿಸುವ ಕೆಲಸ ನಡೆಯಿತು. ಆ ನದಿಯಲ್ಲಿ ನೂರಾರು ಮೊಸಳೆಗಳಿವೆ. ಅವು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಂಡೆಯ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಹೊರಬರುವುದು ಮಳೆಯ ಹೊತ್ತಿಗೆ. ಯಂತ್ರಗಳು ಇಳಿಯುವ ಕಾಲವೂ ಅದೇ. ಗಿಡಗಂಟಿಗಳ ಬೇರು ಹಿಡಿದಿಟ್ಟ ದಂಡೆಯನ್ನು ಬೋಳುಮಾಡಿ, ತೆಗೆದ ಮಣ್ಣನ್ನು ಅದರ ಮೇಲೆಯೇ ರಾಶಿ ಹಾಕಿದರೆ ಅದು ಮುಂದಿನ ಮಳೆಗೆ ಹೂಳಾಗಿ ಅಲ್ಲಿಗೇ ಮರಳುತ್ತದೆ ಎಂಬುದು ಮೊಸಳೆಗಳ ಚಿಂತೆಯಿಲ್ಲದವರಿಗೂ ಅನ್ವಯಿಸುವ ಮಾತು.

ನೆರೆಯ ಕೆಸರು ಮನೆಯೊಳಗೇ ಬಂದಾಗ ಅದನ್ನು ತೆಗೆಯುವ ಗುತ್ತಿಗೆದಾರರು ನಾವೇ. 1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಕಾಣಿಸಿಕೊಂಡದ್ದು ನೆರೆ ಇಳಿದ ಬಳಿಕ, ಕಸ ಕೆಸರುಗಳು ಕೊಳೆಯುತ್ತಿದ್ದ ದಿನಗಳಲ್ಲಿ. ಮರುವರ್ಷ ಬಂದ ಆಯುಕ್ತ ಎಸ್. ಆರ್. ರಾವ್ ಅವರು (ಲೋಥಲಿನ ರಾಯರಲ್ಲ, ಹೆಸರಷ್ಟೇ ಒಂದು) ನಗರವನ್ನು ಶುಚಿಗೊಳಿಸಿದ ಬಗೆ ದೇಶಕ್ಕೇ ಮಾದರಿಯಾಯಿತು. 2006ರ ಆಗಸ್ಟಿನಲ್ಲಿ ತಾಪಿ ಉಕ್ಕಿ ನಗರದ ಬಹುಭಾಗ ಮುಳುಗಿ, ನೀರಿಳಿದಾಗ ಮನೆಮನೆಯಲ್ಲೂ ಹೂಳು ಉಳಿಯಿತು.

ಅಂಥ ಕೆಸರನ್ನು ಬರಿಗಾಲಿನಲ್ಲಿ ತುಳಿಯಬಾರದು. ರಬ್ಬರಿನ ಬೂಟು, ಕೈಗವಸು ಬೇಕು. ಒಣಗಲು ಬಿಟ್ಟು ಗುಡಿಸಿದರೆ ಧೂಳು ಶ್ವಾಸಕೋಶಕ್ಕಿಳಿಯುತ್ತದೆ. ಆದ್ದರಿಂದ ಹಸಿಯಾಗಿರುವಾಗಲೇ ಬಾಚಿ ತೆಗೆಯಬೇಕು. ಅದನ್ನು ಹೂಕುಂಡಕ್ಕೂ ಹಿತ್ತಲ ಸೊಪ್ಪಿನ ಮಡಿಗೂ ಹಾಕತಕ್ಕದ್ದಲ್ಲ. ಕಾಲಿನಲ್ಲಿ ಗಾಯವಿದ್ದವರು ಕೆಲಸಕ್ಕಿಳಿಯದಿರುವುದು ಲೇಸು. ಗಾಯವಾದರೆ ಧನುರ್ವಾಯುವಿನ ಚುಚ್ಚುಮದ್ದಿನ ವಿಚಾರವಾಗಿ ವೈದ್ಯರನ್ನು ಕೇಳಬೇಕು. ದಕ್ಷಿಣ ಗುಜರಾತಿನ ಸೂರತ್, ನವಸಾರಿ, ವಲಸಾಡ್ ಜಿಲ್ಲೆಗಳಲ್ಲಿ ಮಳೆಗಾಲದಲ್ಲಿ ಇಲಿಜ್ವರ ಕಾಣಿಸಿಕೊಳ್ಳುವುದುಂಟು. ಇಲಿಯ ಮೂತ್ರ ಬೆರೆತ ಕೆಸರು ನೀರಿನಿಂದ ಅದು ಹರಡುತ್ತದೆ. ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕೆಂಪೇರಿದ ಕಣ್ಣು ಕಾಣಿಸಿಕೊಂಡರೆ, ಅಥವಾ ಮೂತ್ರ ಕಡಿಮೆಯಾಗಿ ಕಣ್ಣು ಹಳದಿಯಾದರೆ, ತಾನಾಗಿ ಮಾತ್ರೆ ನುಂಗುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ‘ನಾನು ಕೆಸರಿನಲ್ಲಿ ಓಡಾಡಿದ್ದೆ’ ಎಂಬ ಮಾತನ್ನು ವೈದ್ಯರು ಕೇಳುವ ಮೊದಲೇ ತಿಳಿಸಬೇಕು. ಅದಿಲ್ಲದೆ ಈ ಜ್ವರವನ್ನು ಮಲೇರಿಯಾ, ಡೆಂಗೆಗಳಿಂದ ಬೇರ್ಪಡಿಸುವುದು ಅವರಿಗೂ ಸುಲಭವಲ್ಲ.