ಕಥೆಯೊಳಗೆ ಹೊಕ್ಕು ಆಡೋಣ ಬನ್ನಿ

ಚೌಕಾಬಾರ, ಅಳಿಗುಳಿ ಮಣೆ, ಆಡು-ಹುಲಿ ಇವನ್ನೆಲ್ಲ ಆಡಲು ಎದುರಿಗೆ ಇನ್ನೊಬ್ಬರು ಕೂತಿರಬೇಕು. ಮೊಮ್ಮಕ್ಕಳು ಪರದೇಶದಲ್ಲಿ, ಗೆಳೆಯರು ಬೇರೆ ಬೇರೆ ಊರಿನಲ್ಲಿದ್ದರೆ? ಅದಕ್ಕೂ ಒಂದು ಆಟವಿದೆ. ಮಣೆ ಬೇಡ, ಕಾಯಿ ಬೇಡ. ಫೋನಿದ್ದರೆ ಸಾಕು.

ಇದರ ಹೆಸರು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರ ವಹಿಸಿ ಆಡುವ ಆಟ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಇದು ಹೆಸರಾಯಿತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ಮೇಜಿನ ಸುತ್ತ ಕೂತು ಆಡುತ್ತಿದ್ದುದನ್ನು ಈಗ ಇಂಟರ್‌ನೆಟ್ಟಿನಲ್ಲೂ ಆಡುತ್ತಾರೆ. ನಮ್ಮ ತಾಳಮದ್ದಳೆಯಲ್ಲೂ ಅರ್ಥಧಾರಿಗಳು ವೇಷವಿಲ್ಲದೆ ಕೂತಲ್ಲೇ ಕೃಷ್ಣನಾಗಿ, ಕೌರವನಾಗಿ ಮಾತು ಹೊಸೆಯುತ್ತಾರಲ್ಲವೇ? ಆದರೆ ಅಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ದಾಳ ಬಿದ್ದಂತೆ ಕಥೆ ತಿರುಗುತ್ತದೆ.

ಬ್ಯಾಂಕಿನಲ್ಲಿ ಒಟ್ಟಿಗೆ ದುಡಿದ ನಾವು ನಾಲ್ವರು ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಲ್ಲಿದ್ದೇವೆ. ಕಥೆ ನಡೆಸುವವನು ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮೊಮ್ಮಗ, ವಯಸ್ಸು 12. ನಮಗೆ ಭಾನುವಾರ ಬೆಳಗ್ಗೆ 8 ಗಂಟೆಯಾದಾಗ ಅವನಿಗೆ ಶನಿವಾರ ಸಂಜೆ. ಕುಂತಿಬೆಟ್ಟ ಎಲ್ಲಿದೆ, ಹೇಮಾವತಿ ಯಾವ ಕಡೆ ಹರಿಯುತ್ತಾಳೆ ಎಂದು ನಕ್ಷೆ ನೋಡಿ, ನಮ್ಮನ್ನೂ ಕೇಳಿ ಕಥೆ ಕಟ್ಟುತ್ತಾನೆ.

ಈ ಆಟಕ್ಕೆ 20 ಮುಖದ ದಾಳ ಬಳಸುತ್ತಾರೆ. ನಾವು 1ರಿಂದ 20ರವರೆಗೆ ಚೀಟಿ ಬರೆದು ಚೊಂಬಿಗೆ ಹಾಕಿಕೊಂಡಿದ್ದೇವೆ. ಎತ್ತಿದ ಚೀಟಿಯನ್ನು ಮತ್ತೆ ಚೊಂಬಿಗೇ ಹಾಕಬೇಕು. ಮಕ್ಕಳೇ, ಒಂದು ಲೆಕ್ಕ: 15 ಅಥವಾ ಹೆಚ್ಚು ಬಂದರೆ ಗೆಲುವು ಎಂದರೆ, 20ರಲ್ಲಿ 6 ಚೀಟಿ ನಿಮ್ಮ ಕಡೆ. ಅಂದರೆ ನೂರಕ್ಕೆ 30. ನಿಮ್ಮ ಚೀಟಿ ಬೇರೆಯವರಿಗೆ ಕಾಣುವುದಿಲ್ಲ. 3 ಬಂದರೆ 3 ಎಂದೇ ಹೇಳಬೇಕು, ಆಟ ನಿಂತಿರುವುದೇ ಆ ನಂಬಿಕೆಯ ಮೇಲೆ.

ನಾಗಮಂಗಲದ ಗೆಳೆಯ ಹೆಂಡತಿ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದ. ಫೋನು ಮಾಡಿದರೆ “ಹೂಂ, ಚೆನ್ನಾಗಿದೀನಿ” ಅಷ್ಟೇ. ಆಟದಲ್ಲಿ ಅವನು ಅಂಬಿಗ. ಒಂದು ಭಾನುವಾರ ನಾವು ಕಾಯಿಲೆಯವರಿಗೆ ಔಷಧಿ ಒಯ್ಯುತ್ತಿದ್ದೆವು. ಕೆ.ಆರ್. ಪೇಟೆ ಸೀಮೆಯಲ್ಲಿ ಹೇಮಾವತಿ ತುಂಬಿ ಹರಿಯುತ್ತಿದ್ದಳು.

“ಅಂಬಿಗ ತಾತ, ಈಗ ಏನು ಮಾಡ್ತೀರಾ?” ಎಂದ ಮೊಮ್ಮಗ.

ತುಂಬ ಹೊತ್ತು ಸದ್ದಿಲ್ಲ. ಯಾರೂ ಅವಸರ ಮಾಡಲಿಲ್ಲ.

“ಎಲ್ರೂ ಕೂತ್ರೆ ಹರಿಗೋಲು ಭಾರ ಆಯ್ತದೆ. ನೀವು ದಡದಲ್ಲೇ ಇರಿ, ನಾನೊಬ್ನೇ ಹೋಯ್ತೀನಿ.”

15 ಬೇಕಿತ್ತು, ಬಂದದ್ದು 4. ಹರಿಗೋಲು ಮಗುಚಿತು.

“ಮಗುಚಿದ್ರೆ ಮಗುಚ್ಲಿ ಬಿಡಪ್ಪ. ಔಷಧೀನ ರುಮಾಲಲ್ಲಿ ಕಟ್ಟಿ ತಲೆ ಮೇಲಿಟ್ಕೊಂಡಿದೀನಿ, ಈಜ್ಕೊಂಡು ಹೋಯ್ತೀನಿ!”

ಎಲ್ಲರೂ ನಕ್ಕೆವು. ಆಮೇಲೆ ಅವನು ಹುಡುಗನಾಗಿದ್ದಾಗ ಹೊಳೆ ದಾಟಿದ್ದನ್ನು ಕಾಲು ಗಂಟೆ ಹೇಳಿದ. ಈಗ ಶನಿವಾರ ರಾತ್ರಿ ಅವನೇ ಫೋನು ಮಾಡಿ, “ನಾಳೆ ಆಟ ಉಂಟು ತಾನೆ?” ಎಂದು ಕೇಳುತ್ತಾನೆ.

ನೀವೂ ಆಡಿ. ಮೂರ್ನಾಲ್ಕು ಜನ ಸಾಕು. ನಿಮಗೆ ಗೊತ್ತಿರುವ ಊರಿನಲ್ಲೇ ಕಥೆ ಶುರು ಮಾಡಿ. ಒಂದು ಗಂಟೆಗಿಂತ ಎಳೆಯಬೇಡಿ. ಚೀಟಿ ಕೈಕೊಟ್ಟಾಗ ಕಥೆ ನಿಲ್ಲಿಸದೆ ಬೇರೆ ದಾರಿ ಹುಡುಕಿ. ಕಥೆ ನಡೆಸುವ ಕೆಲಸವನ್ನು ಮಕ್ಕಳಿಗೇ ಕೊಡಿ. ಅಜ್ಜ ಅಜ್ಜಿಯರೇ, ಅವರು ಕೇಳಿದ್ದಕ್ಕೆ ಬರಿ “ಹೂಂ” ಎನ್ನುವಂತಿಲ್ಲ!