ಕಂಪ್ಯೂಟರ್ ಅಗ್ಗ, ಬೀಗದ ಕೈಗೆ ಬೇರೆ ದುಡ್ಡು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟಿದ ಹುಣಸೆ ಮರದ ಫಸಲನ್ನು ಮಾಲೀಕರು ಹೆಚ್ಚು ನೆಚ್ಚಿಕೊಳ್ಳುವುದಿಲ್ಲ. ಚಳಿಗಾಲದಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಬಂದು ಊರೊಳಗಿನ ಮರಗಳಲ್ಲೇ ಸಂಸಾರ ಹೂಡುತ್ತವೆ. ಹುಣಸೆ ಬಡಿಯುವ ಕಾಲವೂ ಅದೇ. ಬಡಿದರೆ ಗೂಡು ಬೀಳುತ್ತದೆ, ಬಿಟ್ಟರೆ ಹಣ್ಣು ಹಿಕ್ಕೆ ಹಿಡಿದು ಹಾಳಾಗುತ್ತದೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದು ಹಕ್ಕಿಗಳನ್ನು ಕಾಣುವ ಊರು ಅದು; ಹಣ್ಣನ್ನು ಬಿಡುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಕಡೆ ಹೊರಜಗತ್ತಿನ ಗಮನ ಸೆಳೆದರು. ಆಮೇಲೆ ಅರಣ್ಯ ಇಲಾಖೆ ಮರಕ್ಕಿಷ್ಟು ಎಂದು ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಕೊಡುವ ಹಣ ಸಾಲದು ಎಂಬ ಊರವರ ದೂರು ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಆ ಪದ್ಧತಿಯ ಹಿಂದಿನ ಯೋಚನೆ ದೊಡ್ಡದು. ಮರ ಒಬ್ಬರದು, ಹಕ್ಕಿ ಎಲ್ಲರದು. ಹಾಗಾಗಿ ಮಾಲೀಕರಿಗೆ ಸಲ್ಲಬೇಕಾದದ್ದನ್ನು ಎಲ್ಲರ ಪರವಾಗಿ ಸರ್ಕಾರ ಒಟ್ಟಿಗೆ ಸಲ್ಲಿಸುತ್ತದೆ.

ಇದೇ ಯೋಚನೆ ನಮ್ಮ ಶಾಲೆಗಳ ಕಂಪ್ಯೂಟರ್ ಕೋಣೆಗೂ ಬರಬೇಕು. ಮಕ್ಕಳಿಗೆಂದು ಅಗ್ಗದ ಕಂಪ್ಯೂಟರ್ ಮಾಡಿದವರು ಅನೇಕರಿದ್ದಾರೆ. ಆ ಅಗ್ಗದ ಬೆಲೆಯ ಪಕ್ಕದಲ್ಲಿ ಆಮೇಲೆ ತೆರಬೇಕಾದ ತಂತ್ರಾಂಶದ ಪರವಾನಗಿ ಶುಲ್ಕವೂ ನಿಂತಿರುತ್ತದೆ. ಅದನ್ನು ಯಾರು, ಎಷ್ಟು ಸಲ, ಯಾವ ದಾರಿಯಲ್ಲಿ ಕಟ್ಟಬೇಕು ಎಂಬುದು ಖರೀದಿಯ ದಿನ ಯಾರಿಗೂ ನೆನಪಾಗುವುದಿಲ್ಲ.

ಇದರ ಅತ್ಯಂತ ಸ್ಪಷ್ಟ ಉದಾಹರಣೆ ರಾಸ್ಪ್‌ಬೆರಿ ಪೈ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡು 2012ರ ಫೆಬ್ರವರಿ 29ರಂದು ಮಾರುಕಟ್ಟೆಗೆ ಬಂದ, ಅಂಗೈ ಅಗಲದ ಕಂಪ್ಯೂಟರ್ ಅದು. ಆಗಿನ ಬೆಲೆ 35 ಡಾಲರ್. ಅದನ್ನು ನಡೆಸುವ ಲಿನಕ್ಸ್ ಉಚಿತ, ಪ್ರೋಗ್ರಾಮಿಂಗ್‌ನ ಸ್ಕ್ರ್ಯಾಚ್ ಮತ್ತು ಪೈಥಾನ್ ಉಚಿತ. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಎರಡು ಬೀಗದ ಕೈಗಳು ಮಾರಾಟಕ್ಕೆ ಬಂದವು: ಎಂಪೆಗ್-2 ವಿಡಿಯೊಗೆ 2.40 ಪೌಂಡ್, ವಿಸಿ-1 ವಿಡಿಯೊಗೆ 1.20 ಪೌಂಡ್. ಈ ವಿಡಿಯೊಗಳನ್ನು ಓಡಿಸುವ ಶಕ್ತಿ ಚಿಪ್‌ನೊಳಗೆ ಮೊದಲೇ ಇತ್ತು. ಹಣ ಕಟ್ಟುವವರೆಗೆ ಅದಕ್ಕೆ ಬೀಗ.

ಬೀಗ ತೆಗೆಯುವ ಕ್ರಮ ಹೀಗಿತ್ತು. ಯಂತ್ರದಲ್ಲಿ ಒಂದು ಆದೇಶ ಕೊಟ್ಟು, ಬೋರ್ಡಿನ ಪ್ರೊಸೆಸರ್‌ನ ಸೀರಿಯಲ್ ಸಂಖ್ಯೆಯನ್ನು ಓದಿ ಬರೆದುಕೊಳ್ಳಬೇಕು. ಅದನ್ನು ಮಳಿಗೆಗೆ ಕೊಟ್ಟು ಕಾರ್ಡಿನಲ್ಲಿ ಹಣ ಪಾವತಿಸಿದರೆ ಇಮೇಲ್‌ನಲ್ಲಿ ಕೀಲಿ ಸಂಖ್ಯೆ ಬರುತ್ತದೆ. ಕಾನ್ಫಿಗ್ ಎಂಬ ಕಡತದಲ್ಲಿ ಅದನ್ನು ಒಂದು ಸಾಲಾಗಿ ಸೇರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಒಂದು ಕೀಲಿ ಒಂದೇ ಬೋರ್ಡಿಗೆ. ಹತ್ತು ಬೋರ್ಡಿದ್ದರೆ ಹತ್ತು ಕೀಲಿ. ಬೋರ್ಡ್ ಸುಟ್ಟರೆ ಕೀಲಿಯೂ ಅದರೊಂದಿಗೆ ಹೋಯಿತು.

ಯಾಕೆ ಹೀಗೆ? ಡಿವಿಡಿಗಳಲ್ಲಿ ಬಳಸುವ ಎಂಪೆಗ್-2 ತಂತ್ರದ ಪೇಟೆಂಟ್‌ಗಳು ಹಲವು ಕಂಪನಿಗಳ ಕೈಯಲ್ಲಿದ್ದವು. ಅದರ ಶುಲ್ಕವನ್ನು ಪ್ರತಿ ಬೋರ್ಡಿನ ಬೆಲೆಗೂ ಸೇರಿಸಿದ್ದರೆ, ಡಿವಿಡಿಯನ್ನೇ ನೋಡದ ಮಗುವೂ ಅದನ್ನು ಕಟ್ಟಬೇಕಿತ್ತು. ಪೈ ತಯಾರಿಸಿದ ಸಂಸ್ಥೆ ಹೆಚ್ಚು ಬಳಕೆಯ ಎಚ್.264 ವಿಡಿಯೊದ ಪರವಾನಗಿಯನ್ನು ಬೆಲೆಯೊಳಗೇ ಸೇರಿಸಿ, ಉಳಿದ ಎರಡನ್ನು ಹೊರಗಿಟ್ಟಿತು. ಇದು ಪ್ರಾಮಾಣಿಕ ನಡೆ ಎಂದೇ ನನ್ನ ಅಭಿಪ್ರಾಯ. ಏನಕ್ಕೆ ಹಣ, ಎಷ್ಟು ಹಣ ಎಂದು ಮುಚ್ಚಿಡದೆ ಹೇಳಿತ್ತು.

ಇದನ್ನು ನಮ್ಮ ಹಳ್ಳಿಗೆ ತಂದು ನೋಡಿ. ಪೈಗೆ ಪುಟ್ಟ ಕ್ಯಾಮೆರಾ ಸಿಕ್ಕಿಸಿ ಕೊಕ್ಕರೆ ಬೆಳ್ಳೂರಿನ ಹುಣಸೆ ಕೊಂಬೆಗೆ ಕಟ್ಟಿದರೆ, ಮರಿಗೆ ತಾಯಿ ಹಕ್ಕಿ ಮೀನು ಕಕ್ಕಿ ಉಣಿಸುವುದನ್ನು ಮಕ್ಕಳು ತರಗತಿಯಲ್ಲೇ ಕೂತು ನೋಡಬಹುದು. ಆ ಚಿತ್ರೀಕರಣ ಎಚ್.264ರಲ್ಲಿ ಆಗುವುದರಿಂದ ಬೇರೆ ಶುಲ್ಕವಿಲ್ಲ. ಆದರೆ ಶಾಲೆಯ ಬೀರುವಿನಲ್ಲಿರುವ ಪರಿಸರದ ಡಿವಿಡಿ ಎಂಪೆಗ್-2. ಆಗ ಡಿಡಿ ಫ್ರೀ ಡಿಶ್‌ನ ಬಹಳಷ್ಟು ಚಾನೆಲ್‌ಗಳೂ ಅದೇ ಆಗಿದ್ದವು. ಮೊದಲ ಪೈಗಳಲ್ಲಿ ಕೀಲಿ ಇಲ್ಲದೆ ಅವು ಸರಾಗವಾಗಿ ಓಡುತ್ತಿರಲಿಲ್ಲ. ಕೀಲಿಗೆ ಆಗಿನ ಲೆಕ್ಕದಲ್ಲಿ ಸುಮಾರು ₹200 ದೊಡ್ಡ ಮೊತ್ತವಲ್ಲ. ಆದರೆ ಹಳ್ಳಿ ಶಾಲೆಯ ಮುಖ್ಯ ಶಿಕ್ಷಕರು ಆ ₹200ನ್ನು ಪೌಂಡಿನಲ್ಲಿ, ವಿದೇಶಿ ಮಳಿಗೆಗೆ, ಅಂತರರಾಷ್ಟ್ರೀಯ ಕಾರ್ಡಿನಲ್ಲಿ ಹೇಗೆ ಕಟ್ಟಬೇಕು? ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಯಾವ ರಸೀದಿ ತೋರಿಸಬೇಕು? ಲೆಕ್ಕ ತಪಾಸಣೆಗೆ ಬಂದವರಿಗೆ ಇಮೇಲ್‌ನಲ್ಲಿ ಬಂದ ಸಂಖ್ಯೆಯೊಂದನ್ನು ಖರೀದಿಸಿದ ಸಾಮಗ್ರಿ ಎಂದು ಹೇಗೆ ಒಪ್ಪಿಸಬೇಕು? ಶುಲ್ಕ ಸಣ್ಣದಿದ್ದರೂ ಅದನ್ನು ಕಟ್ಟುವ ದಾರಿಯೇ ಶಾಲೆಯ ಪಾಲಿಗೆ ಮುಚ್ಚಿರುತ್ತದೆ.

ಎಂಪೆಗ್-2ರ ಅಮೆರಿಕದ ಕೊನೆಯ ಪೇಟೆಂಟ್ 2018ರಲ್ಲಿ ಮುಗಿಯಿತು. 2019ರಲ್ಲಿ ಬಂದ ಪೈ 4ರ ಪ್ರೊಸೆಸರ್ ಆ ವಿಡಿಯೊವನ್ನು ಕೀಲಿಯ ಹಂಗಿಲ್ಲದೆ ತಂತ್ರಾಂಶದಲ್ಲೇ ಓಡಿಸುವಷ್ಟು ಬಲವಾಗಿತ್ತು. ಆ ಕೀಲಿಗಳ ಕಾಲ ಮುಗಿಯಿತು, ಕೀಲಿ ಮಾರುವ ಪದ್ಧತಿ ಮಾತ್ರ ಮುಗಿದಿಲ್ಲ. ಪೈಗಿಂತ ಮೊದಲೇ ಅಗ್ಗದ ನೆಟ್‌ಬುಕ್‌ಗಳ ಜೊತೆ ಬರುತ್ತಿದ್ದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ಪರದೆಯ ಹಿನ್ನೆಲೆ ಚಿತ್ರವನ್ನೂ ಬದಲಿಸಲಾಗುತ್ತಿರಲಿಲ್ಲ. ಹಣ ಕಟ್ಟಿ ಕೀಲಿ ಪಡೆದರೆ ಅದೇ ಯಂತ್ರದಲ್ಲಿ ಮೇಲ್ದರ್ಜೆಯ ಆವೃತ್ತಿ ತೆರೆದುಕೊಳ್ಳುತ್ತಿತ್ತು. ನೂರು ಡಾಲರಿನ ಕನಸಾಗಿ ಹುಟ್ಟಿದ ಒಎಲ್‌ಪಿಸಿ (ಮಗುವಿಗೊಂದು ಲ್ಯಾಪ್‌ಟಾಪ್) ಯೋಜನೆಯ ಲ್ಯಾಪ್‌ಟಾಪ್‌ಗೆ 2008ರಲ್ಲಿ ವಿಂಡೋಸ್ ಎಕ್ಸ್‌ಪಿ ಸೇರಿದಾಗ, ಯಂತ್ರವೊಂದಕ್ಕೆ ಸುಮಾರು 3 ಡಾಲರ್ ಪರವಾನಗಿಯ ಮಾತು ಬಂದಿತ್ತು. ಇಂದಿನ ಶಾಲಾ ಕ್ರೋಮ್‌ಬುಕ್‌ಗಳನ್ನು ಒಂದೆಡೆಯಿಂದ ನಿರ್ವಹಿಸಬೇಕೆಂದರೂ ಪ್ರತಿ ಯಂತ್ರಕ್ಕೆ ಬೇರೆ ಶುಲ್ಕವಿದೆ.

ಕರ್ನಾಟಕದಲ್ಲೂ ಇದಕ್ಕೆ ಉತ್ತರ ಹುಡುಕಿದವರಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಕಂಪನಿಯವರೂ ಸೇರಿ 2001ರ ಹೊತ್ತಿಗೆ ರೂಪಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ನಡೆಯುತ್ತಿತ್ತು. ಒಂದೇ ಯಂತ್ರವನ್ನು ಹಳ್ಳಿಯ ಹಲವರು ಸ್ಮಾರ್ಟ್ ಕಾರ್ಡ್ ಹಾಕಿಕೊಂಡು ಹಂಚಿ ಬಳಸಲಿ ಎಂಬ ಯೋಚನೆ ಅದರಲ್ಲಿತ್ತು. ಮಾರುಕಟ್ಟೆಯಲ್ಲಿ ಅದು ನಿಲ್ಲಲಿಲ್ಲ, ನಮಗಾದ ನಷ್ಟವದು.

ನಿಂತದ್ದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಅದಕ್ಕೂ ಮುಂಚಿನ ದಿನಗಳನ್ನು ಡಿಟಿಪಿ ಅಂಗಡಿ ಇಟ್ಟವರನ್ನು ಕೇಳಿ ನೋಡಿ. ಕನ್ನಡ ಅಕ್ಷರ ಮೂಡಬೇಕೆಂದರೆ ದುಬಾರಿ ತಂತ್ರಾಂಶ ಕೊಳ್ಳಬೇಕು, ಅದರ ಜೊತೆ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಬೆರಳುದ್ದದ ‘ಲಾಕ್’ ಬರುತ್ತಿತ್ತು. ಲಾಕ್ ಕಳೆದರೆ ಕನ್ನಡವೂ ಹೋಯಿತು. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಾಗ ಅಮೆರಿಕದ ಕನ್ನಡಿಗರಿಂದ ಹಿಡಿದು ತಾಲ್ಲೂಕು ಕೇಂದ್ರದ ಟೈಪಿಸ್ಟ್‌ವರೆಗೆ ಎಲ್ಲರ ಕೈಯೂ ಬಿಡುಗಡೆಯಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಗೆ ರಾಜ್ಯ ಸರ್ಕಾರ ಬೆಂಬಲ ಕೊಟ್ಟು, ಬೇಕೆಂದವರಿಗೆಲ್ಲ ಉಚಿತವಾಗಿ ಸಿಗುವಂತೆ ಮಾಡಿತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದರ ಕೀಲಿಮಣೆ ಇಂದಿಗೂ ಸರ್ಕಾರಿ ಕಚೇರಿಗಳ ಕೈರೂಢಿ. ಹುಣಸೆ ಮರದ ಪರಿಹಾರದಲ್ಲಿ ಕಂಡದ್ದೇ ಇಲ್ಲೂ ಇದೆ. ಎಲ್ಲರಿಗೂ ಬೇಕಾದದ್ದಕ್ಕೆ ಸಾರ್ವಜನಿಕ ಬೊಕ್ಕಸ ನೆರವಾಯಿತು. ಆಮೇಲೆ ಯಾವ ಮಗುವಿನ ಯಂತ್ರವೂ ಸೀರಿಯಲ್ ಸಂಖ್ಯೆ ಒಪ್ಪಿಸಬೇಕಾಗಲಿಲ್ಲ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಥ ಶುಲ್ಕವಿಲ್ಲದ ತಂತ್ರಾಂಶ ಹೊಸ ಮಾತೇ ಅಲ್ಲ. ಕೇರಳ ಸರ್ಕಾರ ತನ್ನ ಶಾಲೆಗಳನ್ನು ಹಿಂದೆಯೇ ಸ್ವತಂತ್ರ ತಂತ್ರಾಂಶಕ್ಕೆ ಒಯ್ದಿತು. ಅಲ್ಲಿ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಶಾಲೆಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕುವುದರಿಂದ ₹3,000 ಕೋಟಿ ಪರವಾನಗಿ ಶುಲ್ಕ ಉಳಿಯುತ್ತದೆಂದು ಅಲ್ಲಿನ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತ್ತು. ಆ ಅಂಕಿಯನ್ನು ಅರ್ಧಕ್ಕೆ ಇಳಿಸಿ ನೋಡಿದರೂ ಸಣ್ಣದಲ್ಲ.

ಎಲ್ಲ ಪರವಾನಗಿಯೂ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ತಂತ್ರಾಂಶ ಬರೆದವರಿಗೂ ಹೊಟ್ಟೆಪಾಡಿದೆ. ಮರದ ಮಾಲೀಕರಿಗೆ ಪರಿಹಾರ ಸಲ್ಲುವಂತೆ ಅವರಿಗೂ ಸಲ್ಲಬೇಕು. ಆದರೆ ಅದನ್ನು ಶಾಲೆಯ ಮಗುವಿನಿಂದ, ಯಂತ್ರಕ್ಕೊಂದರಂತೆ, ತಿಳಿಸದೆ ವಸೂಲು ಮಾಡುವುದು ಸಲ್ಲದು.

ಮದ್ದೂರು, ಮಳವಳ್ಳಿ ಎರಡೂ ತಾಲ್ಲೂಕಿನ ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ಕೋರಿಕೆ. ಇಲಾಖೆಯವರೋ ದಾನಿಗಳೋ ಹಳೆಯ ವಿದ್ಯಾರ್ಥಿಗಳೋ ಶಾಲೆಗೆ ಕಂಪ್ಯೂಟರ್ ಕೊಡಲು ಬಂದಾಗ ಹಾರ ಹಾಕುವ ಮುನ್ನ ಕೇಳಿ: ಇದರೊಳಗಿನ ಯಾವ ತಂತ್ರಾಂಶಕ್ಕೆ ಮುಂದಿನ ವರ್ಷ ಹಣ ಕಟ್ಟಬೇಕು, ಯಂತ್ರ ಕೆಟ್ಟು ಬದಲಾದರೆ ಪರವಾನಗಿ ಹೊಸ ಯಂತ್ರಕ್ಕೆ ಬರುತ್ತದೆಯೇ, ಕನ್ನಡ ಟೈಪಿಂಗ್ ಬೇರೆ ಕೊಳ್ಳಬೇಕೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಶಿಕ್ಷಣ ಇಲಾಖೆಯೂ ಮುಂದಿನ ಟೆಂಡರಿನಲ್ಲಿ ಯಂತ್ರದ ಬೆಲೆಯ ಪಕ್ಕದಲ್ಲೇ ಐದು ವರ್ಷದ ತಂತ್ರಾಂಶದ ಖರ್ಚನ್ನು ಬೇರೆ ಕಲಂ ಮಾಡಿ ನಮೂದಿಸುವುದನ್ನು ಕಡ್ಡಾಯಗೊಳಿಸಲಿ.